ಗುಂಡಿಲ್ಲದ ತುಂಡು

ಸ್ಕ್ಯಾನಿಂಗ್ ರಿಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಡಾಕ್ಟರು, ‘ಲಿವರ್‌ನಲ್ಲಿ ಕೊಬ್ಬು ಸೇರಿದೆ, ಗ್ರೇಡ್ ಟೂ. ಇವತ್ತಿಂದ ಒಂದು ಹನಿಯೂ ಬೇಡ’ ಎಂದರು. ಹನಿಯ ಮಾತು ಬಂದಾಗ ನನ್ನನ್ನು ಬಿಟ್ಟು ನನ್ನ ಹೆಂಡತಿಯ ಮುಖ ನೋಡಿದರು. ಲಿವರು ನನ್ನದು, ವಾರಸುದಾರಿಕೆ ಅವಳದು ಎಂಬಂತೆ. ಅದೇ ದಿನ ಸಂಜೆ ಏಳು ಗಂಟೆಗೆ ನಾನು ಶ್ರೀರಾಮಪುರದ ನನ್ನ ಮಾಮೂಲಿ ಬಾರಿನಲ್ಲಿ, ಮಾಮೂಲಿ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದೆ. ಇಪ್ಪತ್ತೆಂಟು ವರ್ಷದ ಅಭ್ಯಾಸದಂತೆ ಸಪ್ಲೈಯರಣ್ಣ ನೈಂಟಿಯ ಗ್ಲಾಸು, ಸೋಡ, ಐಸು ಎಲ್ಲ ತಂದಿಟ್ಟರು.

‘ಇವತ್ತಿಂದ ಬರೀ ಸೋಡ ಅಣ್ಣ. ಲಿವರ್ ಕೆಟ್ಟಿದೆಯಂತೆ. ಜೊತೆಗೆ ಒಂದು ಲಿವರ್ ಫ್ರೈ.’

ಅವರು ಕುಂದಾಪುರದ ಕಡೆಯವರು. ಒಂದು ಕ್ಷಣ ಗ್ಲಾಸನ್ನೂ ನನ್ನನ್ನೂ ನೋಡಿದರು. ‘ಲಿವರ್ ಕೆಟ್ಟಿದೆ ಅಂತೀರಿ, ಮತ್ತೆ ಲಿವರ್ ಫ್ರೈ ಎಂತಕ್ಕೆ ಸರ್?’

‘ಅದು ಕುರಿಯದು. ಕುರಿ ಕುಡಿಯೋದಿಲ್ಲ.’

ಅವರು ನಗಲಿಲ್ಲ. ಬಾರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು ಗಿರಾಕಿಯ ಜೋಕಿಗೆ ನಗುವುದನ್ನು ಬಹಳ ಹಿಂದೆಯೇ ಬಿಟ್ಟಿರುತ್ತಾರೆ. ನೈಂಟಿಯ ಗ್ಲಾಸನ್ನು ಎತ್ತಿಕೊಂಡು ಹೋದರು. ಅವರು ಅಡುಗೆಮನೆಯ ಬಾಗಿಲಲ್ಲಿ ‘ಒಂದು ಲಿವರ್, ಮೂಲೆ ಸಾರಿಗೆ, ಪೆಪ್ಪರ್ ಜಾಸ್ತಿ’ ಎಂದು ಕೂಗಿದ್ದು ಕೇಳಿಸಿತು. ನನಗೆ ಏನೋ ಸಮಾಧಾನವಾಯಿತು. ಹೋಗಿದ್ದು ಅರ್ಧವಷ್ಟೇ. ಕನ್ನಡದಲ್ಲಿ ಗುಂಡು ತುಂಡು ಎಂದು ಜೋಡಿ ಮಾಡಿ ಹೇಳುತ್ತೇವಲ್ಲ, ಆ ಜೋಡಿಯಲ್ಲಿ ನನಗೆ ತುಂಡೊಂದು ಉಳಿದಿತ್ತು. ಮನೆಗೆ ಬಂದು ಯೋಚಿಸಿದಾಗ, ನಾನು ಆ ಬಾರಿಗೆ ಮೊದಲು ಹೋದದ್ದೂ ತುಂಡಿಗಾಗಿಯೇ ಎಂಬುದು ನೆನಪಾಯಿತು.

1994ರಲ್ಲಿ ನಾನು ಕನ್ನಡ ಮೇಷ್ಟ್ರಾಗಿ ಬೆಂಗಳೂರಿಗೆ ಬಂದಾಗ ಮಲ್ಲೇಶ್ವರದಲ್ಲಿ ಒಂದು ಔಟ್‌ಹೌಸು ಬಾಡಿಗೆಗೆ ಸಿಕ್ಕಿತು. ಮುಂದೆ ಸಂಪಿಗೆ ಮರ, ಹಿಂದೆ ಬಾವಿ, ನಡುವೆ ನಾನು. ಮನೆಯೊಡತಿ ವಯಸ್ಸಾದ ಅಮ್ಮ, ಬಹಳ ಒಳ್ಳೆಯವರು. ಅಡ್ವಾನ್ಸ್ ಎಣಿಸಿಕೊಳ್ಳುವ ಮೊದಲು ಒಂದೇ ಮಾತು ಹೇಳಿದರು. ‘ಈರುಳ್ಳಿ ಬೆಳ್ಳುಳ್ಳಿಗೆ ನಮ್ಮ ಅಭ್ಯಂತರ ಇಲ್ಲಪ್ಪ. ಮೊಟ್ಟೆಯಿಂದ ಆಚೆಗಿನದ್ದು ಒಳಗೆ ಬರಬಾರದು.’ ಮೊಟ್ಟೆ ಆ ಗಡಿಯ ಈಚೆಯೋ ಆಚೆಯೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಪಕ್ಕದ ಬೀದಿಯಲ್ಲಿ ಇದೇ ಕರಾರಿನಲ್ಲಿದ್ದ ನನ್ನ ಸಹೋದ್ಯೋಗಿಯೊಬ್ಬರು ರಾತ್ರಿ ಕದ್ದು ಮೊಟ್ಟೆ ಬೇಯಿಸಿ, ಸಿಪ್ಪೆಯನ್ನು ಪೇಪರಿನಲ್ಲಿ ಕಟ್ಟಿ, ಬೆಳಿಗ್ಗೆ ಕಾಲೇಜಿನ ಬ್ಯಾಗಿನಲ್ಲಿ ತಂದು, ಸ್ಟಾಫ್ ರೂಮಿನ ಕಸದ ಬುಟ್ಟಿಗೆ ಹಾಕುತ್ತಿದ್ದರು. ಛಂದಸ್ಸಿನ ನೋಟ್ಸಿನಲ್ಲಿ ಒಮ್ಮೆ ಸಿಪ್ಪೆಯ ಚೂರು ಸಿಕ್ಕಿದ್ದೂ ಉಂಟು.

ನಾನು ಕುಣಿಗಲ್ ಸೀಮೆಯವನು. ಯುಗಾದಿಗಿಂತ ಅದರ ಮಾರನೆಯ ದಿನದ ಹೊಸತೊಡಕು ದೊಡ್ಡದು ಎಂದು ನಂಬಿದ ಊರು. ಅವತ್ತು ಬೆಳಗಿನ ಜಾವಕ್ಕೇ ಗುಡ್ಡೆಮಾಂಸದ ಪಾಲು ಮನೆಗೆ ಬರುತ್ತಿತ್ತು. ಮಧ್ಯಾಹ್ನದ ಸಾರಿನ ಮಾತು ಬೇರೆ. ಅದಕ್ಕೂ ಮೊದಲು, ಬೆಳಗಿನ ಹೊಟ್ಟೆಗೆ, ಅಜ್ಜಿ ಬೋಟಿ ಗೊಜ್ಜು ಮಾಡುತ್ತಿದ್ದಳು. ಆ ವಾಸನೆಯಲ್ಲಿ ಬೆಳೆದವನಿಗೆ ಮಲ್ಲೇಶ್ವರದ ಹುಳಿ, ತೊವ್ವೆ, ಹಪ್ಪಳದ ಹಬೆ ಎಷ್ಟೇ ಪವಿತ್ರವಾಗಿದ್ದರೂ ಮೂರನೆಯ ತಿಂಗಳಿಗೆ ಸಾಕಾಯಿತು. ಆಗ ಕಾಲೇಜಿನ ಹಿರಿಯ ಗುಮಾಸ್ತರೊಬ್ಬರು ಕಿವಿಯಲ್ಲಿ ಹೇಳಿದರು: ‘ರೈಲ್ವೆ ಗೇಟ್ ದಾಟಿ ಮೇಷ್ಟ್ರೇ.’

ಪ್ಲೇಗು ಬಂದ 1898ರ ಹೊತ್ತಿಗೆ, ಗಾಳಿ ಬೆಳಕು ಚೆನ್ನಾಗಿರಲೆಂದು ಕಟ್ಟಿದ ಬಡಾವಣೆ ಮಲ್ಲೇಶ್ವರ. ಅದರ ಪಶ್ಚಿಮಕ್ಕೆ ರೈಲು ಹಳಿ. ಹಳಿಯಾಚೆ ಶ್ರೀರಾಮಪುರ: ಸಣ್ಣ ಮನೆಗಳು, ಸಣ್ಣ ಗಲ್ಲಿಗಳು, ತಮಿಳು ಕನ್ನಡ ತೆಲುಗು ಕಲಸಿದ ಮಾತು, ಮಿಲ್ ಕಾರ್ಮಿಕರು. ಹಳಿಯ ಈಚೆ ಆಚೆ ಎಂದರೆ ಬರೀ ಹಳಿಯಲ್ಲ. ಈಚೆ ಸಂಜೆ ಏಳಕ್ಕೆ ಸಂಗೀತದ ಪಾಠ, ಆಚೆ ಅದೇ ಏಳಕ್ಕೆ ಬಾಣಲೆಯ ಸದ್ದು. ರಾಜಾ ಮಿಲ್ಲಿನ ಪಾಳಿ ಬಿಟ್ಟವರು ನೇರ ಬಾರಿಗೆ ಬರುತ್ತಿದ್ದ ಕಾಲವನ್ನು ನಾನು ಕಾಣಲಿಲ್ಲ, ಅದರ ನೆನಪುಗಳನ್ನು ಮಾತ್ರ ಆ ಟೇಬಲ್ಲುಗಳಲ್ಲಿ ಕೇಳಿದೆ. ಮಿಲ್ಲಿದ್ದ ಜಾಗದಲ್ಲಿ ಈಗ ಮಂತ್ರಿ ಮಾಲ್ ಇದೆ. 2014ರಿಂದ ತಲೆಯ ಮೇಲೆ ಮೆಟ್ರೊ ಹೋಗುತ್ತದೆ. ಬಾರು ಮಾತ್ರ ಕೆಳಗೇ ಇದೆ.

ಒಳಗೆ ಹೋದರೆ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಒಗ್ಗಿದ ಮೇಲೆ ಗಲ್ಲಾಪೆಟ್ಟಿಗೆಯ ಮೇಲಿನ ಲಕ್ಷ್ಮಿಯ ಪಟ, ಅದರ ಸುತ್ತ ಓಡುವ ಸೀರಿಯಲ್ ಬಲ್ಬು, ಪಟಕ್ಕೆ ಸಿಕ್ಕಿಸಿದ ಸೇವಂತಿಗೆ. ಗೋಡೆಗೆ ಎಣ್ಣೆಗಟ್ಟಿದ ಫ್ಯಾನುಗಳು. ಮೇಲಂತಸ್ತಿಗೆ ಹೋಗುವ ಮೆಟ್ಟಿಲ ಬಳಿ ‘ಫ್ಯಾಮಿಲಿ ರೂಂ’ ಎಂಬ ಬೋರ್ಡು. ಇಷ್ಟು ವರ್ಷದಲ್ಲಿ ಒಂದು ಫ್ಯಾಮಿಲಿಯೂ ಆ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಲ್ಲ. ಫ್ಯಾಮಿಲಿಯಿಂದ ತಪ್ಪಿಸಿಕೊಂಡವರು ಹತ್ತುತ್ತಾರೆ. ಸಿಗರೇಟಿನ ಹೊಗೆ ಇಲ್ಲಿನ ಐದನೆಯ ಗೋಡೆಯಂತಿತ್ತು. ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ಬಂದ ಮೇಲೆ ಆ ಗೋಡೆ ಬಿತ್ತು. ಅವತ್ತು ಎದುರಿನ ಟೇಬಲ್ಲಿನವರ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದೆವು. ಹೊಗೆಯಲ್ಲೇ ಚೆನ್ನಾಗಿದ್ದರು ಅನ್ನಿಸಿತು.

ಹೊರಗಿನವರು ಬಾರೆಂದರೆ ಬಾಟ್ಲಿಗಳ ಅಂಗಡಿ ಎಂದುಕೊಳ್ಳುತ್ತಾರೆ. ಒಂದು ಸಂಗತಿ ಯೋಚಿಸಿ. 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋದಿಂದಲೇ ಎಲ್ಲ ಬಾರಿನವರೂ ಮಾಲು ತರಬೇಕು. ಫೈವ್ ಸ್ಟಾರ್ ಹೋಟೆಲಿನಲ್ಲಿ ಸುರಿಯುವುದೂ ಶ್ರೀರಾಮಪುರದಲ್ಲಿ ಸುರಿಯುವುದೂ ಒಂದೇ ಡಿಪೋದ್ದು, ಮುಚ್ಚಳದ ಮೇಲೆ ಅದೇ ಅಬಕಾರಿ ಚೀಟಿ. ನಮ್ಮ ಬಡ ವ್ಹಿಸ್ಕಿ, ರಮ್ಮು, ಬ್ರಾಂದಿಗಳೆಲ್ಲ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಒಂದೇ ಸ್ಪಿರಿಟ್ಟಿನ ಮಕ್ಕಳು, ಬಣ್ಣ ಮತ್ತು ಹೆಸರಿನಲ್ಲಷ್ಟೇ ವ್ಯತ್ಯಾಸ. ಹೀಗಿರುವಾಗ ಒಂದು ಬಾರನ್ನು ಬಿಟ್ಟು ಇನ್ನೊಂದಕ್ಕೆ ಜನ ಯಾಕೆ ಹೋಗುತ್ತಾರೆ? ಕೇಳಿ ನೋಡಿ. ‘ಅಲ್ಲಿ ಎಣ್ಣೆ ಚೆನ್ನಾಗಿದೆ’ ಎಂದು ಯಾರೂ ಹೇಳುವುದಿಲ್ಲ. ‘ಅಲ್ಲಿ ಚಾಪ್ಸ್ ಚೆನ್ನಾಗಿರುತ್ತೆ’ ಎನ್ನುತ್ತಾರೆ. ಸರ್ಕಾರಕ್ಕೂ ಈ ಗುಟ್ಟು ಗೊತ್ತಿದ್ದಂತಿದೆ. ಬಾರ್ ಅಂಡ್ ರೆಸ್ಟೋರೆಂಟಿಗೆ ಕೊಡುವ ಸಿ.ಎಲ್. 9 ಸನ್ನದಿನ ಕಾನೂನಿನ ಹೆಸರು ‘ರಿಫ್ರೆಶ್‌ಮೆಂಟ್ ರೂಂ’. ಬಾರ್ ಎಂಬ ಪದ ಅದರ ಪಕ್ಕದಲ್ಲಿ ಕಂಸದೊಳಗೆ, ಸಂಕೋಚದಿಂದ ಕೂತಿದೆ. ನಾನು ಇಷ್ಟು ವರ್ಷ ಹೋಗುತ್ತಿದ್ದದ್ದು ಉಪಾಹಾರದ ಕೋಣೆಗೆ ಎಂದು ಹೆಂಡತಿಗೆ ಒಮ್ಮೆ ಕಾನೂನಿನ ಆಧಾರಸಹಿತ ವಿವರಿಸಿದ್ದೆ. ತೀರ್ಪು ನನ್ನ ಪರವಾಗಿ ಬರಲಿಲ್ಲ.

ಆ ಕೋಣೆಯ ಪ್ರಾಣ ಇರುವುದು ಹಿಂಬಾಗಿಲಲ್ಲಿ. ಒಮ್ಮೆ ಮಧ್ಯಾಹ್ನ ಕೊಡೆ ಮರೆತದ್ದನ್ನು ತರಲು ಹೋದಾಗ ಮುಂಬಾಗಿಲು ಇನ್ನೂ ಅರ್ಧ ಶಟರಿನಲ್ಲಿತ್ತು. ಹಿಂದಿನ ಓಣಿಯಿಂದ ಹೋದೆ. ಅಲ್ಲಿ ನಲ್ಲಿಯ ಪಕ್ಕ ಅಕ್ಕ ಒಬ್ಬಳು ಮೊಣಕೈವರೆಗೆ ಸೆರಗು ಸುತ್ತಿಕೊಂಡು ಬೋಟಿ ತೊಳೆಯುತ್ತಿದ್ದಳು. ಬೋಟಿ ತಿನ್ನುವವರಿಗೆಲ್ಲ ಒಮ್ಮೆ ಈ ದರ್ಶನ ಆಗಬೇಕು. ಕರುಳನ್ನು ಬೆರಳಿಗೆ ಸುತ್ತಿ ಒಳಗನ್ನು ಹೊರಗೆ ಮಾಡಿ ತಿರುಗಿಸುತ್ತಾಳೆ, ನೀರು ಬಿಡುತ್ತಾಳೆ, ಮತ್ತೆ ತಿರುಗಿಸುತ್ತಾಳೆ. ಟವೆಲ್ಲಿನಂತೆ ನವಿರು ನವಿರಾಗಿರುವ ಜಠರದ ತುಂಡನ್ನು ಬಿಸಿನೀರಿನಲ್ಲಿ ಅದ್ದಿ ಚಾಕುವಿನ ಬೆನ್ನಿನಿಂದ ಕೆರೆಯುತ್ತಾಳೆ. ಕಪ್ಪು ಹೋಗಿ ಬಿಳಿ ಬರುವವರೆಗೆ. ಆಮೇಲೆ ಅರಿಶಿನ, ಕಲ್ಲುಪ್ಪು, ಮತ್ತೆ ನೀರು. ಐದು ನೀರೋ ಆರು ನೀರೋ ನಾನು ಎಣಿಸಲಿಲ್ಲ. ಆಕೆಯಂತೂ ಎಣಿಸುತ್ತಿರಲಿಲ್ಲ, ಮೂಗಿನಲ್ಲೇ ಲೆಕ್ಕ. ಒಂದು ತುಂಡನ್ನೆತ್ತಿ ಮೂಸಿ, ತಲೆಯಾಡಿಸಿ, ಮತ್ತೆ ಬಕೆಟ್ಟಿಗೆ ಹಾಕಿದಳು. ಮನೆಗಳಲ್ಲಿ ಬೋಟಿ ಯಾಕೆ ಕಡಿಮೆಯಾಯಿತೆಂದು ಅವತ್ತು ತಿಳಿಯಿತು. ಅದಕ್ಕೆ ಬೇಕಾದದ್ದು ಮಸಾಲೆಯಲ್ಲ, ಒಂದು ಇಡೀ ಬೆಳಗು.

ತೊಳೆದದ್ದು ಒಳಗೆ ಮಾಸ್ಟರ್ ಕೈಗೆ ಹೋಗುತ್ತದೆ. ಆತ ನಮ್ಮ ಕಡೆಯವನೇ. ಬೋಟಿಯನ್ನು ಸಣ್ಣಗೆ ಹೆಚ್ಚಿ, ಅರಿಶಿನ ಶುಂಠಿ ಬೆಳ್ಳುಳ್ಳಿಯ ಜೊತೆ ಕುಕ್ಕರಿನಲ್ಲಿ ಕೂಗಿಸಿಡುತ್ತಾನೆ. ಬೇಯಿಸಿದ ನೀರನ್ನು ಚೆಲ್ಲುವುದಿಲ್ಲ. ಸಂಜೆ ಆರ್ಡರ್ ಬಂದಾಗ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ, ಕರಿಬೇವು, ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿ, ಈರುಳ್ಳಿ, ಹಲ್ಲಿಗೆ ಸಿಗುವಷ್ಟು ದಪ್ಪದ ತೆಂಗಿನಕಾಯಿ ಚೂರು. ಅದರ ಮೇಲೆ ಬೋಟಿ, ಎತ್ತಿಟ್ಟ ನೀರು ಒಂದು ಸೌಟು, ಕೊನೆಗೆ ಆಗಷ್ಟೇ ಕುಟ್ಟಿದ ಮೆಣಸು. ನೀರು ಇಂಗಿ ಎಣ್ಣೆ ಬಿಡುವ ಹೊತ್ತಿಗೆ ಬಾಣಲೆ ‘ಚುಂಯ್’ ಎನ್ನುವುದನ್ನು ಬಿಟ್ಟು ‘ಚಟಪಟ’ ಎನ್ನುತ್ತದೆ. ಆ ಸದ್ದು ಬದಲಾದದ್ದು ನನ್ನ ಮೂಲೆಯ ಟೇಬಲ್ಲಿಗೆ ಕೇಳುತ್ತದೆ. ತಟ್ಟೆ ಬರುವ ಒಂದು ನಿಮಿಷ ಮೊದಲೇ ನಾನು ನಿಂಬೆಹೋಳನ್ನು ಕೈಗೆತ್ತಿಕೊಂಡಿರುತ್ತೇನೆ. ಅವರೆಕಾಯಿಯ ಕಾಲ ಬಂದರೆ ಬೋಟಿಗೆ ಹಿತಕಿದ ಬೇಳೆ ಸೇರುತ್ತದೆ, ಗೊಜ್ಜಾಗುತ್ತದೆ. ಮೆನು ಕಾರ್ಡಿನಲ್ಲಿ ಅದು ಇಲ್ಲ. ಡಿಸೆಂಬರ್ ಜನವರಿಯಲ್ಲಿ ಸಪ್ಲೈಯರಣ್ಣ ಟೇಬಲ್ ಒರೆಸುತ್ತ, ಯಾರಿಗೂ ಹೇಳದ ಹಾಗೆ, ‘ಸೊಗಡು ಬಂದಿದೆ’ ಎನ್ನುತ್ತಾರೆ. ಇಷ್ಟೇ ಸೂಚನೆ.

ಕಡಲೆಬೀಜದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮುಂದೆ ಬೇಕಾಗುತ್ತದೆ. ಗ್ಲಾಸು ಬಂದೊಡನೆ ಕೇಳದೆಯೇ ಒಂದು ಪುಟ್ಟ ಪ್ಲೇಟು ಬರುತ್ತದೆ. ಖಾರ ಹಚ್ಚಿದ ಕಡಲೆಬೀಜ, ಅಥವಾ ಉಪ್ಪು ಖಾರ ಸವರಿದ ಸೌತೆಕಾಯಿ. ಕಾರ್ತಿಕದಲ್ಲಿ ಬೇಯಿಸಿದ ಹಸಿ ಕಡಲೆಕಾಯಿ. ಬಿಟ್ಟಿ ಎಂದು ಎಲ್ಲರೂ ಖುಷಿಪಡುತ್ತಾರೆ. ಅದು ಬಿಟ್ಟಿಯಲ್ಲ, ಬಂಡವಾಳ. ಉಪ್ಪು ಬಾಯಾರಿಸುತ್ತದೆ, ಬಾಯಾರಿದವನು ಇನ್ನೊಂದು ಹೇಳುತ್ತಾನೆ. ಖಾರದ ತುಂಡು ಕೂಡ ಈ ಸಂಚಿನ ಭಾಗವೇ. ಆದರೆ ತುಂಡಿನಿಂದ ಕುಡುಕನಿಗೂ ಒಂದು ಉಪಕಾರವಿದೆ. ಹೊಟ್ಟೆಯಲ್ಲಿ ಕೊಬ್ಬಿನ ಊಟವಿದ್ದರೆ ಮದ್ಯ ಜಠರದಲ್ಲೇ ತಡೆದು ನಿಲ್ಲುತ್ತದೆ, ಸಣ್ಣ ಕರುಳಿಗೆ ಇಳಿದು ರಕ್ತ ಸೇರುವುದು ನಿಧಾನವಾಗುತ್ತದೆ. ಖಾಲಿಹೊಟ್ಟೆಯಲ್ಲಿ ನೈಂಟಿಗೆ ತೂರಾಡುವವನು ಬೋಟಿಯ ಮೇಲೆ ಕ್ವಾರ್ಟರ್ ಹಾಕಿಯೂ ಚಪ್ಪಲಿ ಹುಡುಕಿಕೊಳ್ಳಬಲ್ಲ. ಹಾಗಾಗಿ ಮಾಲೀಕ ಮಾಡಿದ ಸಂಚನ್ನು ಮಾಸ್ಟರ್ ಅರ್ಧ ಕೆಡಿಸುತ್ತಾನೆ. ಮಾಲೀಕರಿಗೆ ಇದು ಗೊತ್ತಿಲ್ಲವೆಂದು ನನ್ನ ಎಣಿಕೆ.

ಈ ಕೋಣೆಯಲ್ಲಿ ಮಡಿಯೂ ಇದೆ. ಶನಿವಾರ ಹೋಗಿ ನೋಡಿ. ಗುಂಡಿನ ವ್ಯಾಪಾರ ಜೋರು, ತುಂಡಿನ ಕಡೆ ಯಾರೂ ಇಲ್ಲ. ‘ಶನಿವಾರ ಕಣಪ್ಪ, ನಾನ್‌ವೆಜ್ ಮುಟ್ಟಲ್ಲ’ ಎಂದು ಮೂರನೆಯ ನೈಂಟಿ ಹಿಡಿದವರು ಗಂಭೀರವಾಗಿ ಹೇಳುತ್ತಾರೆ. ಆಂಜನೇಯನಿಗೆ ಕುರಿಯ ಮೇಲೆ ಮಾತ್ರ ಕಣ್ಣು, ಕಾಕಂಬಿಯ ಮೇಲಿಲ್ಲ. ಕೆಲವರಿಗೆ ಸೋಮವಾರ. ಶ್ರಾವಣದಲ್ಲಿ ತಿಂಗಳಿಡೀ ಗೋಬಿ ಮಂಚೂರಿ, ಮಶ್ರೂಮ್ ಪೆಪ್ಪರ್, ಬೇಬಿಕಾರ್ನ್. ಅಯ್ಯಪ್ಪನ ಮಾಲೆ ಹಾಕಿದವರು ನಲವತ್ತೊಂದು ದಿನ ಈ ಬೀದಿಯಲ್ಲಿ ತಲೆ ತಗ್ಗಿಸಿ ಹೋಗುತ್ತಾರೆ. ಅವರು ಬೆಟ್ಟ ಹತ್ತಿ ಇಳಿದು, ಮಾಲೆ ತೆಗೆದ ಸಂಜೆ, ಸಪ್ಲೈಯರಣ್ಣ ಅವರ ಟೇಬಲ್ಲನ್ನು ಮೊದಲೇ ಒರೆಸಿಟ್ಟಿರುತ್ತಾರೆ. ಆ ದಿನ ಕಬಾಬಿನ ಬಾಣಲೆ ಆರುವುದೇ ಇಲ್ಲ.

ಕಬಾಬು ಎಂದಾಗ ಒಂದು ದುಃಖ ಹೇಳಲೇಬೇಕು. ಬೆಂಗಳೂರಿನ ಕಬಾಬು ಕಂಬಿಗೆ ಚುಚ್ಚಿ ಸುಟ್ಟದ್ದಲ್ಲ, ಎಣ್ಣೆಯಲ್ಲಿ ಕರಿದದ್ದು, ಮೂಳೆಸಹಿತ, ಕಡುಗೆಂಪು. ಕತ್ತಲೆಯ ಬಾರಿನಲ್ಲೂ ಅದು ಬರುವುದು ಕಾಣುತ್ತಿತ್ತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೂ ಮೂರು ತಿಂಗಳು ಮೊದಲು ಗೋಬಿ ಮಂಚೂರಿಗೆ ಇದೇ ಗತಿ ಬಂದಿತ್ತು. ತಪ್ಪಿದರೆ ಜೈಲು, ಹತ್ತು ಲಕ್ಷದವರೆಗೆ ದಂಡ. ಸರ್ಕಾರ ಮಾಡಿದ್ದು ಸರಿಯೇ. ಪರೀಕ್ಷೆಯಲ್ಲಿ ಆ ಬಣ್ಣಗಳು ತಿನ್ನಲು ಯೋಗ್ಯವಲ್ಲವೆಂದು ಕಂಡಿದ್ದವು. ಆದರೆ ಮೊದಲ ದಿನ ಕಂದುಬಣ್ಣದ ಕಬಾಬು ಬಂದಾಗ ಪಕ್ಕದ ಟೇಬಲ್ಲಿನವರು ‘ಇದೇನಣ್ಣ, ಹುಷಾರಿಲ್ವಾ ಕಬಾಬಿಗೆ?’ ಎಂದು ಕೇಳಿದರು. ಸರ್ಕಾರಿ ಚೀಟಿ ಅಂಟಿಸಿದ ಕ್ವಾರ್ಟರನ್ನು ನೀಟಾಗಿ ಮುಗಿಸಿದ ಗಂಟಲು, ಕಬಾಬಿನ ಬಣ್ಣದಿಂದ ಆರೋಗ್ಯ ಕೆಡುತ್ತದೆಯೇ ಎಂದು ಅರ್ಧ ಗಂಟೆ ಚರ್ಚಿಸಿತು. ಮಾಸ್ಟರ್ ಈಗ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಚ್ಚುತ್ತಾನೆ. ರುಚಿ ಮೊದಲಿಗಿಂತ ಚೆನ್ನಾಗಿದೆ. ಇದನ್ನು ಅಲ್ಲಿ ಯಾರೂ ಒಪ್ಪುವುದಿಲ್ಲ.

ನನ್ನ ನಾಲಿಗೆಗೆ ನಿಜವಾದ ಪರೀಕ್ಷೆ ಬಂದದ್ದು 2020ರಲ್ಲಿ. ಮಾರ್ಚ್ 25ಕ್ಕೆ ಎಲ್ಲ ಮುಚ್ಚಿತು. ಮೇ 4ಕ್ಕೆ ವೈನ್ ಶಾಪ್ ತೆರೆದಾಗ ಟೀವಿಯವರು ಸಾಲು ತೋರಿಸಿದ್ದೇ ತೋರಿಸಿದ್ದು. ಬಾರಿನಲ್ಲಿ ಕೂರಲು ಬಿಟ್ಟದ್ದು ಸೆಪ್ಟೆಂಬರ್ 1ರಿಂದ. ನಡುವಿನ ತಿಂಗಳುಗಳಲ್ಲಿ ನಮ್ಮ ಬಾರಿನ ಅಡುಗೆಮನೆ ಪಾರ್ಸೆಲ್ ಮಾತ್ರ ಕೊಡುತ್ತಿತ್ತು. ಆಗ ನಾವು ಔಟ್‌ಹೌಸು ಬಿಟ್ಟು ರಾಜಾಜಿನಗರದಲ್ಲಿ ಸ್ವಂತ ಮನೆಗೆ ಬಂದು ಬಹಳ ವರ್ಷವಾಗಿತ್ತು. ಮೊಟ್ಟೆಯ ಗಡಿ, ಮಾಂಸದ ಗಡಿ ಯಾವುದೂ ಇರಲಿಲ್ಲ. ನಾನು ಮಾಸ್ಕು ಹಾಕಿಕೊಂಡು ಹೋಗಿ ಬೋಟಿ ಫ್ರೈ ಕಟ್ಟಿಸಿಕೊಂಡು ಬಂದೆ. ಹೆಂಡತಿ ಸ್ಟೀಲ್ ತಟ್ಟೆಗೆ ಹಾಕಿ, ಟ್ಯೂಬ್‌ಲೈಟಿನ ಕೆಳಗೆ, ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟಳು. ಪಕ್ಕದಲ್ಲಿ ನನ್ನ ನೈಂಟಿಯೂ ಇತ್ತು. ಅದೇ ಮಾಸ್ಟರ್, ಅದೇ ಮೆಣಸು, ಅದೇ ತೆಂಗಿನ ಚೂರು. ಎರಡು ತುತ್ತು ತಿಂದು ಕೈ ನಿಂತಿತು.

‘ಯಾಕೆ, ಚೆನ್ನಾಗಿಲ್ವಾ?’ ಎಂದಳು.

ಚೆನ್ನಾಗಿತ್ತು. ಆದರೆ ಟ್ಯೂಬ್‌ಲೈಟಿನಲ್ಲಿ ಬೋಟಿಯ ಎಲ್ಲ ಮಡಿಕೆಗಳೂ ಕಾಣುತ್ತಿದ್ದವು. ಎದುರಿಗೆ ಫ್ರಿಜ್ಜು, ಫ್ರಿಜ್ಜಿನ ಮೇಲೆ ಕರೆಂಟ್ ಬಿಲ್ಲು. ಒಂದು ತುಂಡು ಬಾಯಿಗಿಟ್ಟರೆ ಅದನ್ನು ಗಮನಿಸಲು ಒಬ್ಬರು, ‘ಕೊಲೆಸ್ಟ್ರಾಲ್’ ಎಂಬ ಒಂದು ಶಬ್ದ. ಬಾರಿನಲ್ಲಿ ತಿನ್ನುವವನನ್ನು ಯಾರೂ ನೋಡುವುದಿಲ್ಲ, ಆದರೆ ಸುತ್ತ ಜನ ಇರುತ್ತಾರೆ. ಇವೆರಡೂ ಒಟ್ಟಿಗೆ ಸಿಗುವ ಜಾಗ ಊರಲ್ಲಿ ಬೇರೆ ಎಲ್ಲಿದೆ? ದರ್ಶಿನಿಯಲ್ಲಿ ನಿಂತು ತಿಂದು ಓಡಬೇಕು. ಮಾಲಿನ ಫುಡ್ ಕೋರ್ಟಿನಲ್ಲಿ ಸುತ್ತ ಜನವಿದ್ದರೂ ಯಾರೂ ಇದ್ದಂತಲ್ಲ. ಉಳಿದ ಬೋಟಿಯನ್ನು ಮಾರನೆಯ ದಿನ ಹೆಂಡತಿ ಮುದ್ದೆಯ ಜೊತೆ ಬಿಸಿ ಮಾಡಿ ತಿಂದಳು. ತೊಳೆದು ಬೇಯಿಸುವ ರಗಳೆಯಿಲ್ಲದೆ ಬೋಟಿ ಸಿಗುವುದಾದರೆ ಬಾರು ಒಳ್ಳೆಯದೇ ಎಂದಳು. ಆ ಬಾರಿನ ಬಗ್ಗೆ ಆಕೆ ಆಡಿದ ಒಂದೇ ಒಳ್ಳೆಯ ಮಾತು ಅದು.

ಹೀಗಾಗಿ ಡಾಕ್ಟರ ಹನಿ ನಿಷೇಧ ಬಂದಾಗ ಎದುರಿಗಿದ್ದ ಪ್ರಶ್ನೆ ತಿರುವುಮುರುವಿನದು. ಮನೆಯಲ್ಲಿ ಗುಂಡಿದ್ದೂ ತುಂಡು ರುಚಿಸಲಿಲ್ಲ. ಬಾರಿನಲ್ಲಿ ಗುಂಡಿಲ್ಲದೆ ರುಚಿಸೀತೆ? ರುಚಿಸಿತು, ಒಂದು ತೊಡಕಿನೊಡನೆ. ಮೆಣಸಿನಕಾಯಿಯ ಖಾರ ನೀರಿಗೆ ಕರಗುವಂಥದ್ದಲ್ಲ. ಸೋಡದ ಗುಳ್ಳೆಗಳಂತೂ ಉರಿಯುವ ನಾಲಿಗೆಗೆ ಸೂಜಿ ಚುಚ್ಚಿದಂತೆ. ಮೊದಲ ವಾರ ಕಣ್ಣಲ್ಲಿ ನೀರು ಹಾಕಿಕೊಂಡು ತಿಂದೆ. ಕುಡಿದು ಅಳುವವರ ನಡುವೆ ಕುಡಿಯದೆ ಅಳುವವನಾದೆ. ‘ಮಜ್ಜಿಗೆ ತರಲಾ ಸರ್’ ಎಂದರು ಸಪ್ಲೈಯರಣ್ಣ. ಅಷ್ಟು ಕೆಳಗಿಳಿಯಲು ನಾನು ಒಪ್ಪಲಿಲ್ಲ.

ಮೂಲೆಯಲ್ಲಿ ಸೋಡ ಹಿಡಿದು ಕೂತವನಿಗೆ ಇನ್ನೊಂದು ಲಾಭ, ಎಲ್ಲವೂ ಕೇಳುತ್ತದೆ ಮತ್ತು ಮಾರನೆಯ ದಿನ ನೆನಪಿರುತ್ತದೆ. ಎಂಡ್ಕುಡುಕ ರತ್ನನನ್ನು ಬರೆದ ಜಿ.ಪಿ. ರಾಜರತ್ನಂ ಸ್ವತಃ ಕುಡಿಯುತ್ತಿರಲಿಲ್ಲ ಎಂದು ಕ್ಲಾಸಿನಲ್ಲಿ ಹೇಳಿದಾಗಲೆಲ್ಲ ಹುಡುಗರು ನಂಬುತ್ತಿರಲಿಲ್ಲ, ನನಗೂ ಒಳಗೊಳಗೆ ಅನುಮಾನವಿತ್ತು. ಈಗ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ, ವಚನ ಬರೆದ. ಅವನಿಗೂ ಇದೇ ಮೂಲೆಯ ನೋಟ ದಕ್ಕಿರಬೇಕು. ಕುಡಿದವರ ಮಾತಿನಲ್ಲಿ ಒಂದು ಕ್ರಮವಿದೆ. ಮೊದಲನೆಯದಕ್ಕೆ ಆಫೀಸು, ಎರಡನೆಯದಕ್ಕೆ ರಾಜಕೀಯ, ಮೂರನೆಯದಕ್ಕೆ ರಾಜಕುಮಾರ್, ಆಮೇಲೆ ಅಪ್ಪ. ಆಸ್ತಿ ಮಾಡದ ಅಪ್ಪ, ಹೊಡೆದ ಅಪ್ಪ, ಕೊನೆಗಾಲಕ್ಕೆ ಮಾತಾಡಿಸದೆ ಹೋದ ಅಪ್ಪ. ಅಪ್ಪ ಬಂದರೆಂದರೆ ಬಿಲ್ಲು ತರುವ ಹೊತ್ತಾಯಿತೆಂದು ಸಪ್ಲೈಯರಣ್ಣನಿಗೆ ತಿಳಿಯುತ್ತದೆ.

ಎಲ್ಲವೂ ಹೀಗೆ ಹಿತವಾದದ್ದಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹಲ್ಲಲ್ಲಿ ಕಚ್ಚಿ ಹರಿದು, ಉಪ್ಪಿನಕಾಯಿ ನೆಕ್ಕಿ ಹೋಗುತ್ತಿದ್ದ ಕೂಲಿಯವರು ಕೆಲವೇ ತಿಂಗಳಲ್ಲಿ ಪಕ್ಕದ ವೈನ್ ಸ್ಟೋರಿನ ಮುಂದೆ ಅಗ್ಗದ ವ್ಹಿಸ್ಕಿ ಹಿಡಿದು ನಿಂತರು. ಈಗ ತೊಂಬತ್ತು ಎಂಎಲ್‌ನ ಟೆಟ್ರಾ ಪ್ಯಾಕು, ಮಕ್ಕಳ ಜ್ಯೂಸಿನ ಹಾಗೆ. ಅವರಿಗೆ ಟೇಬಲ್ಲಿಲ್ಲ, ತುಂಡಿಲ್ಲ, ಒಂದೇ ಗುಟುಕು. ನಾನು ಬಣ್ಣಿಸುತ್ತಿರುವ ಸುಖವೆಲ್ಲ ಕೂತು ತಿನ್ನಲು ಕಾಸಿದ್ದವರದು. ಬೋಟಿ ತೊಳೆಯುವ ಅಕ್ಕನ ಗಂಡ ಆ ನಿಂತವರಲ್ಲಿ ಒಬ್ಬ. ತನ್ನ ಸಂಬಳವನ್ನು ಆಕೆ ಗಲ್ಲಾದಲ್ಲೇ ಬಿಟ್ಟಿರುತ್ತಾಳೆ, ಮನೆಗೆ ಒಯ್ಯುವುದಿಲ್ಲ. ಬಾರಿನ ಗಲ್ಲಾಪೆಟ್ಟಿಗೆ ಕುಡುಕನಿಂದ ಕಾಸನ್ನು ಕಾಯುವ ಬ್ಯಾಂಕೂ ಆಗಿದೆ. ನಾನು ಬಿಟ್ಟ ಸುದ್ದಿ ಆಕೆಗೂ ಹೋಗಿತ್ತು. ಓಣಿಯಲ್ಲಿ ಸಿಕ್ಕಾಗ, ‘ಬಿಟ್ಟುಬಿಟ್ರಂತೆ ಸಾರ್?’ ಎಂದಳು. ಹೌದೆಂದೆ. ‘ಡಾಕ್ಟ್ರು ಹೇಳಿದ್ರಾ, ನೀವೇ ಬಿಟ್ರಾ?’ ಡಾಕ್ಟ್ರು ಎಂದೆ. ‘ಯಾವ ಡಾಕ್ಟ್ರು? ಅಡ್ರೆಸ್ ಕೊಡಿ’ ಎಂದಳು. ಕೊಟ್ಟೆ. ಹೋದರೋ ಇಲ್ಲವೋ ಕೇಳಲಿಲ್ಲ.

ಈಚೆಗೆ ಮಾಲೀಕರ ಮಗ ವ್ಯವಹಾರ ನೋಡಿಕೊಳ್ಳುತ್ತಿದ್ದಾನೆ. ಎಂಬಿಎ ಓದಿದ ಹುಡುಗ, ಚುರುಕು. ಲಕ್ಷ್ಮಿಯ ಪಟದ ಕೆಳಗೆ ಕಂಪ್ಯೂಟರ್ ಬಂದಿದೆ. ಮೊದಲು ಸಪ್ಲೈಯರಣ್ಣ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಸಿಗರೇಟು ಪ್ಯಾಕಿನ ರಟ್ಟಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಈಗ ಮೆಷಿನ್ನು ಬಿಲ್ಲು ಉಗುಳುತ್ತದೆ. ಒಂದು ಸಂಜೆ ನನ್ನ ಬಿಲ್ಲಿನಲ್ಲಿ ಸೋಡ, ಬೋಟಿ ಆದಮೇಲೆ ‘ಮಸಾಲ ಕಡಲೆಬೀಜ, 1’ ಎಂದು ಬಂದು ಅದರ ಮುಂದೆ ನಲವತ್ತು ರೂಪಾಯಿ ಇತ್ತು. ನಾನು ಏನೂ ಅನ್ನಲಿಲ್ಲ. ಸಪ್ಲೈಯರಣ್ಣನೇ ಬಿಲ್ಲು ನೋಡಿ, ವಾಪಸು ತೆಗೆದುಕೊಂಡು ಹೋದರು. ಗಲ್ಲಾದ ಬಳಿ ಮಾತು ನಡೆಯಿತು. ಗುಂಡು ತೆಗೆದುಕೊಂಡವರಿಗೆ ಕಡಲೆಬೀಜ ಫ್ರೀ, ತೆಗೆದುಕೊಳ್ಳದವರಿಗೆ ಐಟಂ, ಸಿಸ್ಟಮ್ಮೇ ಹಾಗೆ ಸೆಟ್ ಆಗಿದೆ ಎಂದು ಹುಡುಗ ಹೇಳಿದ. ಅವನ ಲೆಕ್ಕ ಸರಿಯೇ ಇತ್ತು. ಬಾಯಾರಿದರೆ ನಾನು ಕೇಳುವುದು ಇನ್ನೊಂದು ಸೋಡ, ಅದರಲ್ಲಿ ಏನು ಗಿಟ್ಟುತ್ತದೆ? ನಾನು ನಲವತ್ತು ರೂಪಾಯಿ ಕೊಟ್ಟು ಎದ್ದುಬಂದೆ. ಸಪ್ಲೈಯರಣ್ಣ ನನ್ನ ಮುಖ ನೋಡಲಿಲ್ಲ.

ಮುಂದಿನ ಭಾನುವಾರ ಹೋದೆ. ಕೂತೆ. ಸೋಡ ಬಂತು. ಪ್ಲೇಟು ಬರಲಿಲ್ಲ. ಬರಬಾರದು, ಸಿಸ್ಟಮ್ಮು ಹಾಗಿದೆ. ಬಾಣಲೆಯ ಸದ್ದಿಗೆ ಕಿವಿಗೊಟ್ಟು ಕೂತಿದ್ದಾಗ ಅಣ್ಣ ಅಡುಗೆಮನೆಯಿಂದ ಒಂದು ಪುಟ್ಟ ಸ್ಟೀಲ್ ಬಟ್ಟಲು ತಂದು ನನ್ನ ಮುಂದಿಟ್ಟರು. ಬಾರಿನ ಪಿಂಗಾಣಿ ಪ್ಲೇಟಲ್ಲ, ಮನೆಯ ಥರದ ಬಟ್ಟಲು, ಅಂಚಿನಲ್ಲಿ ಯಾರದೋ ಹೆಸರಿನ ಅಕ್ಷರ ಕೊರೆದದ್ದು. ಒಳಗೆ ಬೇಯಿಸಿದ ಕಡಲೆಕಾಯಿ, ಇನ್ನೂ ಬಿಸಿ.

‘ಇದು ನಮ್ಮ ಸ್ಟಾಫಿನದ್ದು ಸರ್’ ಎಂದರು, ಟೇಬಲ್ ಒರೆಸುತ್ತ. ‘ಬಿಲ್ಲಿಗೆ ಬರೂದಿಲ್ಲ.’